ಹೆಡ್‌ಲೈಟ್ ಬಲ್ಬ್ ಬದಲಿಸುವ ಮುಂಚೆ: ಹ್ಯಾಲೊಜೆನ್, ಎಚ್‌ಐಡಿ, ಎಲ್‌ಇಡಿ ಹೋಲಿಕೆ ಮತ್ತು ಫೋಕಸ್ ಹೊಂದಿಸುವ ವಿಧಾನ

ಹುಬ್ಬಳ್ಳಿಯ ಯಾವುದೇ ಕಾರ್ ಆಕ್ಸೆಸರೀಸ್ ಅಂಗಡಿಗೆ ಹೋಗಿ ಹೆಡ್‌ಲೈಟ್ ಬಲ್ಬ್ ಕೇಳಿ. ಮೊದಲ ಪ್ರಶ್ನೆ ಬಣ್ಣದ್ದೇ. "ಬಿಳೀದು ಕೊಡ್ಲೇನ್ರಿ, ಹಳದೀದು ಕೊಡ್ಲೇನ್ರಿ?" ಎರಡನೆಯದು ವ್ಯಾಟ್‌ದು. ನಿಮ್ಮ ಗಾಡಿಯ ಲೈಟಿನೊಳಗೆ ಕನ್ನಡಿ ಇದೆಯೋ, ಲೆನ್ಸ್ ಇದೆಯೋ ಅಂತ ಕೇಳುವವರು ಕಡಿಮೆ. "ಇದನ್ನ ಹಾಕ್ರಿ ಸರ, ರಾತ್ರಿ ಹಗಲ ಆಗ್ತೈತಿ" ಅಂದುಬಿಡುತ್ತಾರೆ. ಹಗಲು ಆಗುವುದು ನಿಜ, ಆದರೆ ಎದುರಿನಿಂದ ಬರುವವನ ಕಣ್ಣಿನಲ್ಲಿ.

ನಮ್ಮ ಕಡೆಯ ರಸ್ತೆಗೆ ಎಂಥ ಬೆಳಕು ಬೇಕು ಅಂತ ಯೋಚಿಸಿ ನೋಡಿ. ಸುಗ್ಗಿಯ ಹೊತ್ತಿಗೆ ಹಾವೇರಿ ಜಿಲ್ಲೆಯಲ್ಲಿ ರಾತ್ರಿ ಗಾಡಿ ಓಡಿಸಿದವರಿಗೆ ಇದು ಗೊತ್ತು. ರಸ್ತೆಯ ಎಡ ಅಂಚಿನಲ್ಲಿ ಗೋವಿನಜೋಳ ಒಣಗಲು ಹರಡಿರುತ್ತಾರೆ. ಸಂಜೆ ಅದನ್ನು ರಾಶಿ ಮಾಡಿ ತಾಡಪಾಲು ಮುಚ್ಚುತ್ತಾರೆ. ಸುತ್ತ ಇಟ್ಟ ಕಲ್ಲುಗಳು ಅಲ್ಲೇ ಉಳಿಯುತ್ತವೆ. ಒಂದೊಂದು ಕಲ್ಲು ತೆಂಗಿನಕಾಯಿಗಿಂತ ದಪ್ಪ, ಬಣ್ಣ ರಸ್ತೆಯದೇ. ಎದುರಿಂದ ಲಾರಿ ಬರುತ್ತಿದೆ, ನೀವು ಲೈಟ್ ತಗ್ಗಿಸಿ ಡಿಪ್ ಮಾಡಿದ್ದೀರಿ, ಎಡಕ್ಕೆ ಸರಿಯಬೇಕು. ಆ ಗಳಿಗೆಯಲ್ಲಿ ಆ ಕಲ್ಲು ಕಾಣಬೇಕು. ಕಬ್ಬಿನ ಟ್ರ್ಯಾಕ್ಟರ್ ಕಥೆಯೂ ಹಾಗೇ. ಹಿಂದೆ ಎರಡು ಟ್ರೇಲರ್, ಒಂದಕ್ಕೂ ಕೆಂಪು ದೀಪ ಇರುವುದಿಲ್ಲ. ನಿಮ್ಮ ಲೈಟ್ ಬಿದ್ದಾಗಲೇ ಅದು ಕಾಣುವುದು.

ಅಂದರೆ ಬೇಕಾದ್ದು ಡಿಪ್‌ನಲ್ಲಿ ಎಡಗಡೆ ದೂರದವರೆಗೆ ಹೋಗುವ, ಬಲಗಡೆ ತಗ್ಗಿಯೇ ಇರುವ ಬೆಳಕು. ನಾವು ಎಡಕ್ಕೆ ಓಡಿಸುವ ದೇಶದವರು. ಹಾಗಾಗಿ ನಮ್ಮ ಹೆಡ್‌ಲೈಟ್‌ಗಳನ್ನು ಮಾಡಿರುವುದೇ ಹೀಗೆ. ಈ ಆಕಾರ ಕೆಡಿಸದೆ ಬೆಳಕು ಹೆಚ್ಚಿಸುವ ಬಲ್ಬ್ ಒಳ್ಳೆಯದು. ಆಕಾರ ಕೆಡಿಸುವ ಬಲ್ಬ್ ಎಷ್ಟೇ ಪ್ರಖರವಾಗಿರಲಿ, ನನ್ನ ಲೆಕ್ಕದಲ್ಲಿ ದುಡ್ಡು ದಂಡ.

ಬಲ್ಬ್ ಕೊಳ್ಳುವ ಮುಂಚೆ ಮೂರು ತಪಾಸಣೆ

"ಲೈಟ್ ಸಾಲ್ತಿಲ್ಲ" ಅನ್ನುವ ಹಳೆಯ ಗಾಡಿಗಳಲ್ಲಿ ಬಹಳಷ್ಟು ಸಲ ತಪ್ಪು ಬಲ್ಬಿನದ್ದಾಗಿರುವುದಿಲ್ಲ.

ಮೊದಲು ಗಾಜು. ಈಗಿನ ಹೆಡ್‌ಲೈಟ್ ಗಾಜು ಅಂದರೆ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್. ಗದಗ, ನವಲಗುಂದದ ಬಿಸಿಲಲ್ಲಿ ಐದಾರು ವರ್ಷ ನಿಂತ ಗಾಡಿಯ ಲೈಟ್ ನೋಡಿ. ಮೇಲ್ಭಾಗ ಹಳದಿಗಟ್ಟಿ, ಉಗುರಿಂದ ಕೆರೆದರೆ ಪುಡಿ ಬರುವಂತಾಗಿರುತ್ತದೆ. ಮೇಲಿನ ಯುವಿ ಲೇಪ ಹೋಗಿರುವುದರಿಂದ ಹೀಗಾಗುತ್ತದೆ. ಮಬ್ಬುಗಟ್ಟಿದ ಗಾಜು ಬೆಳಕನ್ನು ತಡೆಯುವುದಷ್ಟೇ ಅಲ್ಲ, ಎಲ್ಲ ಕಡೆಗೂ ಚೆಲ್ಲುತ್ತದೆ. ಅದರ ಹಿಂದೆ ಎಂಥ ಬಲ್ಬ್ ಹಾಕಿದರೂ ಅಷ್ಟೇ. ಸರಿಪಡಿಸುವುದು ಕಷ್ಟವಿಲ್ಲ. ಸುತ್ತಲಿನ ಪೇಂಟಿಗೆ ಮಾಸ್ಕಿಂಗ್ ಟೇಪ್ ಹಚ್ಚಿ. ನೀರು ಹಾಕುತ್ತಾ 800, ಆಮೇಲೆ 1500, ಆಮೇಲೆ 2000 ನಂಬರಿನ ವಾಟರ್ ಪೇಪರ್‌ನಿಂದ ಉಜ್ಜಿ. ನಂತರ ರಬ್ಬಿಂಗ್ ಕಾಂಪೌಂಡ್ ಹಾಕಿ ಪಾಲಿಶ್ ಮಾಡಿ. ಕೊನೆಗೆ ಯುವಿ ತಡೆಯುವ ಕ್ಲಿಯರ್ ಕೋಟ್ ಹೊಡೆಯಿರಿ. ಈ ಕೊನೆಯದನ್ನು ಬಿಟ್ಟರೆ ಕೆಲವೇ ತಿಂಗಳಲ್ಲಿ ಮತ್ತೆ ಹಳದಿಯಾಗುತ್ತದೆ. ಟೂತ್‌ಪೇಸ್ಟ್ ಹಚ್ಚಿ ಉಜ್ಜುವ ವಿಡಿಯೊಗಳು ಬೇಕಾದಷ್ಟಿವೆ. ಹೊಳಪು ಬರುತ್ತದೆ, ನಿಲ್ಲುವುದಿಲ್ಲ.

ಎರಡನೆಯದು ಕರೆಂಟ್. ಹ್ಯಾಲೊಜೆನ್ ಬಲ್ಬಿಗೆ ವೋಲ್ಟೇಜ್ ಸ್ವಲ್ಪ ಕಡಿಮೆಯಾದರೂ ಬೆಳಕು ಜೋರಾಗಿ ಇಳಿಯುತ್ತದೆ. ವೋಲ್ಟೇಜ್ ಶೇ 10ರಷ್ಟು ಇಳಿದರೆ ಬೆಳಕು ಸುಮಾರು ಶೇ 30 ಹೋಗುತ್ತದೆ. ಪರೀಕ್ಷೆ ಸುಲಭ. ಎಂಜಿನ್ ಚಾಲೂ ಇಟ್ಟು, ಹೆಡ್‌ಲೈಟ್ ಹಾಕಿ, ಮಲ್ಟಿಮೀಟರ್‌ನಿಂದ ಮೊದಲು ಬ್ಯಾಟರಿ ನೋಡಿ. ಸುಮಾರು 13.8ರಿಂದ 14.4 ವೋಲ್ಟ್ ಇರಬೇಕು. ಆಮೇಲೆ ಬಲ್ಬ್ ಉರಿಯುತ್ತಿರುವಾಗಲೇ ಕನೆಕ್ಟರಿನ ಹಿಂಬದಿಯಿಂದ ಎರಡು ಪಿನ್ನಿಗೆ ಮೀಟರ್ ಹಚ್ಚಿ. ಬ್ಯಾಟರಿಗೂ ಇಲ್ಲಿಗೂ ಒಂದು ವೋಲ್ಟಿಗಿಂತ ಜಾಸ್ತಿ ವ್ಯತ್ಯಾಸ ಬಂದರೆ ವೈರಿಂಗ್‌ನಲ್ಲಿ ತೊಂದರೆ ಇದೆ. ಅರ್ಥ್ ವೈರಿನ ಬೋಲ್ಟ್ ತುಕ್ಕು ಹಿಡಿದಿರಬಹುದು, ಕನೆಕ್ಟರ್ ಪಿನ್ ಕಪ್ಪಾಗಿರಬಹುದು. ಬಾಡಿಗೆ ಕೂರುವ ಅರ್ಥ್ ಬೋಲ್ಟ್ ಬಿಚ್ಚಿ, ಎಮೆರಿ ಪೇಪರಿನಿಂದ ಉಜ್ಜಿ ಬಿಗಿ ಮಾಡಿದರೆ ಎಷ್ಟೋ ಗಾಡಿಗಳ ಲೈಟ್ ತಾನಾಗಿ ಸುಧಾರಿಸುತ್ತದೆ. ಖರ್ಚು ಅಂದರೆ ಎಮೆರಿ ಪೇಪರಿನದ್ದು.

ಮೂರನೆಯದು ಫೋಕಸ್. ಅದನ್ನು ಬಲ್ಬ್ ಹಾಕಿದ ಮೇಲೂ ನೋಡಲೇಬೇಕು. ಹಾಗಾಗಿ ಮುಂದೆ ವಿವರವಾಗಿ ಹೇಳುತ್ತೇನೆ.

ನಿಮ್ಮ ಗಾಡಿಗೆ ಕೂರುವ ಬಲ್ಬ್ ಯಾವುದು

ಗಾಡಿಯ ಮ್ಯಾನುಯಲ್‌ನಲ್ಲಿ ಇರುತ್ತದೆ. ಇಲ್ಲದಿದ್ದರೆ ಹಳೆಯ ಬಲ್ಬ್ ಬಿಚ್ಚಿ ಅದರ ತಳದ ಲೋಹದ ಮೇಲೆ ಓದಿ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವವು ಇವು.

ಎಚ್4: ಒಂದೇ ಬಲ್ಬಿನಲ್ಲಿ ಎರಡು ತಂತಿ (ಫಿಲಮೆಂಟ್), ಒಂದು ಡಿಪ್‌ಗೆ, ಇನ್ನೊಂದು ಹೈ ಬೀಮಿಗೆ. 60/55 ವ್ಯಾಟ್. ಹಿಂದೆ ಮೂರು ಪಿನ್. ಹಳೆಯ ಆಲ್ಟೊ, ವ್ಯಾಗನ್ಆರ್, ಸ್ವಿಫ್ಟ್, ಬೊಲೆರೊ ಎಲ್ಲದರಲ್ಲೂ ಇದೇ. ನಿಗದಿತ ಬೆಳಕು ಹೈ ಬೀಮಿನಲ್ಲಿ 1650 ಲ್ಯೂಮೆನ್ (ಬಲ್ಬ್ ಕೊಡುವ ಬೆಳಕಿನ ಅಳತೆ), ಡಿಪ್‌ನಲ್ಲಿ 1000.

ಎಚ್7: ಒಂದೇ ತಂತಿ, 55 ವ್ಯಾಟ್, 1500 ಲ್ಯೂಮೆನ್. ಡಿಪ್‌ಗೆ ಬೇರೆ, ಹೈ ಬೀಮಿಗೆ ಬೇರೆ ಬಲ್ಬ್ ಇರುವ ಗಾಡಿಗಳಲ್ಲಿ ಬರುತ್ತದೆ. ಎಚ್1 ಕೂಡ ಒಂದೇ ತಂತಿಯದು, 55 ವ್ಯಾಟ್, 1550 ಲ್ಯೂಮೆನ್.

ಎಚ್11: 55 ವ್ಯಾಟ್, 1350 ಲ್ಯೂಮೆನ್. ಪ್ಲಾಸ್ಟಿಕ್ ತಳ, ತಿರುಗಿಸಿ ಕೂರಿಸುವಂಥದ್ದು. ಹೆಡ್‌ಲೈಟಿಗೂ ಫಾಗ್ ಲ್ಯಾಂಪಿಗೂ ಬರುತ್ತದೆ.

ಎಚ್‌ಬಿ3, ಎಚ್‌ಬಿ4: 9005, 9006 ಅಂತಲೂ ಬರೆದಿರುತ್ತದೆ. ಎಚ್‌ಬಿ3 ಸುಮಾರು 1860 ಲ್ಯೂಮೆನ್, ಹೆಚ್ಚಾಗಿ ಹೈ ಬೀಮಿಗೆ.

ಇಲ್ಲೊಂದು ಎಚ್ಚರಿಕೆ. ಎಚ್8, ಎಚ್11, ಎಚ್16 ಮೂರೂ ನೋಡಲು ಅಣ್ಣತಮ್ಮಂದಿರಂತೆ. ಆದರೆ ಎಚ್8 35 ವ್ಯಾಟ್, ಎಚ್16 ಬರೀ 19 ವ್ಯಾಟ್. ತಳದ ಕಿವಿಗಳಲ್ಲಿ ಸಣ್ಣ ವ್ಯತ್ಯಾಸ ಇಟ್ಟಿರುವುದೇ ಒಂದರ ಜಾಗಕ್ಕೆ ಇನ್ನೊಂದು ಕೂರಬಾರದು ಅಂತ. ಕೆಲವರು ಕಟಿಂಗ್ ಪ್ಲೈಯರ್‌ನಿಂದ ಕಿವಿ ಕತ್ತರಿಸಿ ಕೂರಿಸುತ್ತಾರೆ. 19 ವ್ಯಾಟಿನ ಪ್ಲಾಸ್ಟಿಕ್ ಫಾಗ್ ಲ್ಯಾಂಪಿನಲ್ಲಿ 55 ವ್ಯಾಟ್ ಉರಿದರೆ ಏನಾಗುತ್ತೆ ಅಂತ ಬೇರೆ ಹೇಳಬೇಕಿಲ್ಲ ಅಲ್ವಾ?

ಈಗ ಮುಖ್ಯವಾದದ್ದು. ಗಾಡಿಯ ಮುಂದೆ ನಿಂತು ಲೈಟಿನ ಒಳಗೆ ನೋಡಿ. ಬೆಳ್ಳಿ ಬಣ್ಣದ ಕನ್ನಡಿ ಬಟ್ಟಲು ಕಂಡರೆ ಅದು ರಿಫ್ಲೆಕ್ಟರ್. ದಪ್ಪ ಗುಂಡು ಗಾಜಿನ ಕಣ್ಣು ಕಂಡರೆ ಪ್ರೊಜೆಕ್ಟರ್. ಯಾವ ಬಲ್ಬ್ ಅನ್ನುವ ಪ್ರಶ್ನೆಯ ಅರ್ಧ ಉತ್ತರ ಇಲ್ಲೇ ಸಿಗುತ್ತದೆ.

ಹ್ಯಾಲೊಜೆನ್

ಕಾರಿಗೆ ಹ್ಯಾಲೊಜೆನ್ ಬಂದದ್ದು 1962ರಲ್ಲಿ, ಎಚ್1 ರೂಪದಲ್ಲಿ. ಎರಡು ತಂತಿಯ ಎಚ್4 ಬಂದದ್ದು 1971ರಲ್ಲಿ. ಅರ್ಧ ಶತಮಾನ ದಾಟಿದರೂ ಇನ್ನೂ ಓಡುತ್ತಿದೆ. ಟಂಗ್‌ಸ್ಟನ್ ತಂತಿ ಕಾದು ಬೆಳಗುತ್ತದೆ. ತಂತಿಯಿಂದ ಆವಿಯಾದ ಲೋಹವನ್ನು ಒಳಗಿನ ಹ್ಯಾಲೊಜೆನ್ ಅನಿಲ ಹಿಡಿದು ಮತ್ತೆ ತಂತಿಗೇ ತಂದು ಬಿಡುತ್ತದೆ. ಹಾಗಾಗಿ ಗಾಜು ಬೇಗ ಕಪ್ಪಾಗುವುದಿಲ್ಲ. ಈ ಕೆಲಸ ನಡೆಯಲು ಗಾಜು ಚೆನ್ನಾಗಿ ಕಾಯಬೇಕು. ಅದಕ್ಕೇ ಬಲ್ಬ್ ಅಷ್ಟು ಚಿಕ್ಕದು, ಅಷ್ಟು ಬಿಸಿ.

ಒಂದು ಎಚ್4 ಬಲ್ಬನ್ನು ಬೆಳಕಿಗೆ ಹಿಡಿದು ನೋಡಿ. ಮುಂದಿನ ತಂತಿಯ ಕೆಳಗೆ ಒಂದು ಪುಟ್ಟ ಲೋಹದ ದೋಣಿ ಕಾಣುತ್ತದೆ. ಆ ಮುಂದಿನ ತಂತಿಯೇ ಡಿಪ್‌ನದು. ದೋಣಿಯು ಕೆಳಕ್ಕೆ ಹೋಗುವ ಬೆಳಕನ್ನು ತಡೆಯುವುದರಿಂದ ಕನ್ನಡಿಯ ಮೇಲರ್ಧ ಮಾತ್ರ ಬೆಳಗುತ್ತದೆ. ಆ ಬೆಳಕು ರಸ್ತೆಯ ಮೇಲೆ ಇಳಿಯುತ್ತದೆ. ದೋಣಿಯ ಒಂದು ಅಂಚು ಹದಿನೈದು ಡಿಗ್ರಿ ಓರೆ ಇರುತ್ತದೆ. ಎಡಗಡೆ ಬೆಳಕು ಮೇಲೇರುವುದು ಆ ಓರೆಯಿಂದ. ಮೇಲೆ ಹೇಳಿದ ಗೋವಿನಜೋಳದ ಕಲ್ಲು ಕಾಣಿಸುವುದು ಈ ಪುಟ್ಟ ತಗಡಿನ ತುಂಡಿನ ಪುಣ್ಯ. ಹಿಂದಿರುವುದು ಹೈ ಬೀಮಿನ ತಂತಿ. ಅದಕ್ಕೆ ದೋಣಿ ಇಲ್ಲ, ಇಡೀ ಕನ್ನಡಿ ಬೆಳಗುತ್ತದೆ. ತಂತಿ ಇರಬೇಕಾದ ಜಾಗ ಮಿಲಿಮೀಟರಿನ ಭಾಗದಷ್ಟು ಆಚೀಚೆ ಆದರೂ ಬೆಳಕಿನ ಆಕಾರ ಕೆಡುತ್ತದೆ. ಎಲ್‌ಇಡಿ ಬಗ್ಗೆ ಓದುವಾಗ ಇದನ್ನು ನೆನಪಿಡಿ.

ಹ್ಯಾಲೊಜೆನ್‌ನಲ್ಲೇ ನಾಲ್ಕು ಬಗೆ ಸಿಗುತ್ತವೆ. ಸಾಧಾರಣದ್ದು ಕೆಲವು ನೂರು ರೂಪಾಯಿಗೆ ಬರುತ್ತದೆ, ಬಣ್ಣ ಸುಮಾರು 3200 ಕೆಲ್ವಿನ್, ನಂಬಬಹುದು. ಎರಡನೆಯದು "ಶೇ 100 ಜಾಸ್ತಿ", "ಶೇ 130 ಜಾಸ್ತಿ", "ಶೇ 150 ಜಾಸ್ತಿ" ಅಂತ ಬರೆದಿರುವವು. ಆಸ್ರಮ್‌ನ ನೈಟ್ ಬ್ರೇಕರ್, ಫಿಲಿಪ್ಸ್‌ನ ಎಕ್ಸ್‌ಟ್ರೀಮ್ ವಿಷನ್ ಈ ಜಾತಿಯವು. ಶೇ 130 ಅಂದರೆ ಒಟ್ಟು ಬೆಳಕು ದುಪ್ಪಟ್ಟಾಗುತ್ತೆ ಅಂತಲ್ಲ. ಒಟ್ಟು ಲ್ಯೂಮೆನ್ ನಿಯಮದ ಮಿತಿಯೊಳಗೇ ಇರಬೇಕು. ತಂತಿಯನ್ನು ಸಣ್ಣದು, ಬಿಗಿ ಮಾಡಿ ಬೆಳಕನ್ನು ರಸ್ತೆಯ ಮುಖ್ಯ ಜಾಗಕ್ಕೆ ಒಟ್ಟುಗೂಡಿಸಿರುತ್ತಾರೆ. ನಿಯಮ ಕೇಳುವ ಕನಿಷ್ಠ ಬೆಳಕಿಗೆ ಹೋಲಿಸಿ ಆ ಶೇಕಡಾ ಲೆಕ್ಕ. ಆದರೂ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಅದಕ್ಕೆ ಬೆಲೆ ಆಯುಷ್ಯ: ಇವು ಸಾಧಾರಣ ಬಲ್ಬಿಗಿಂತ ಬೇಗ ಸುಟ್ಟುಹೋಗುತ್ತವೆ. ತಿಂಗಳಿಗೆ ಒಂದೆರಡು ಸಲ ರಾತ್ರಿ ಓಡಿಸುವವರಿಗೆ ಅಡ್ಡಿಯಿಲ್ಲ. ದಿನಾ ರಾತ್ರಿ ಬಾಡಿಗೆ ಹೊಡೆಯುವವರಿಗೆ ದುಬಾರಿ.

ಮೂರನೆಯದು ನೀಲಿ ಲೇಪದ "ಸೂಪರ್ ವೈಟ್". ಗಾಜಿನ ಮೇಲೆ ನೀಲಿ ಬಣ್ಣ ಬಳಿದು ಹಳದಿಯನ್ನು ತಡೆಯುತ್ತಾರೆ. ತಡೆದ ಬೆಳಕು ಹೋಯಿತು ಅಂತಲೇ ಅರ್ಥ. ಬರೀ ಶೋಕಿ. ಮಳೆಗಾಲದಲ್ಲಿ ಕಲಘಟಗಿ ದಾಟಿ ಯಲ್ಲಾಪುರದ ಕಡೆ ಹೊರಟರೆ ಈ ಶೋಕಿ ಇಳಿದುಹೋಗುತ್ತದೆ.

ನಾಲ್ಕನೆಯದು "ಹಂಡ್ರೆಡ್-ನೈಂಟಿ": ಹೈ ಬೀಮಿನಲ್ಲಿ 100, ಡಿಪ್‌ನಲ್ಲಿ 90 ವ್ಯಾಟ್. ಒಂದು ಕಾಲಕ್ಕೆ ಎಲ್ಲರ ಬಾಯಲ್ಲೂ ಇದೇ. ಲೆಕ್ಕ ಹಾಕಿ: 55 ವ್ಯಾಟಿಗೆ ಒಂದು ಬಲ್ಬು 12 ವೋಲ್ಟಿನಲ್ಲಿ ಸುಮಾರು 4.6 ಆಂಪಿಯರ್ ಎಳೆಯುತ್ತದೆ. 100 ವ್ಯಾಟಿಗೆ 8.3. ಎರಡೂ ಸೇರಿ 16 ದಾಟಿತು. ಕಂಪನಿಯ ವೈರು, ಸ್ವಿಚ್ಚು ಇಷ್ಟಕ್ಕೆ ಮಾಡಿದ್ದಲ್ಲ. ರಿಲೇ (ಸ್ವಿಚ್ಚಿನ ಮೇಲೆ ಹೊರೆ ಬೀಳದಂತೆ ಬಲ್ಬಿಗೆ ಕರೆಂಟ್ ಹಾಯಿಸುವ ಪುಟ್ಟ ಡಬ್ಬಿ) ಹಾಕಿದರೆ ವೈರು ಉಳಿಯಬಹುದು, ಆದರೆ ಹೋಲ್ಡರ್ ಕರಗುತ್ತದೆ, ರಿಫ್ಲೆಕ್ಟರಿನ ಬೆಳ್ಳಿ ಲೇಪ ಸುಟ್ಟು ಕಂದಾಗುತ್ತದೆ. ಮೇಲಾಗಿ ಇವು ರಸ್ತೆಗೆ ಒಪ್ಪಿಗೆಯಿರುವ ಬಲ್ಬ್ ಅಲ್ಲ. ರಿಲೇ ಕಿಟ್ ಮಾತ್ರ ನನಗೆ ಇಷ್ಟ, ಆದರೆ 60/55 ಬಲ್ಬಿನ ಜೊತೆ. ಬ್ಯಾಟರಿಯಿಂದ ನೇರವಾಗಿ ದಪ್ಪ ವೈರಿನಲ್ಲಿ, ಫ್ಯೂಸ್ ಸಮೇತ ಕರೆಂಟ್ ಬರುವುದರಿಂದ ಹಳೆಯ ಬೊಲೆರೊದಂಥ ಗಾಡಿಗಳಲ್ಲಿ ಕಳೆದುಹೋದ ಬೆಳಕು ವಾಪಸ್ ಬರುತ್ತದೆ.

ಎಚ್‌ಐಡಿ, ಅಂದರೆ ಕ್ಸೆನಾನ್

ಇದರಲ್ಲಿ ತಂತಿ ಇಲ್ಲ. ಎರಡು ಮೊನೆಗಳ ನಡುವೆ ಕಿಡಿ ನಿಲ್ಲಿಸಿ ಬೆಳಕು ತೆಗೆಯುತ್ತಾರೆ. 1991ರಲ್ಲಿ ಬಿಎಂಡಬ್ಲ್ಯೂ 7 ಸೀರೀಸ್‌ನಲ್ಲಿ ಮೊದಲು ಬಂತು. 35 ವ್ಯಾಟಿನ ಡಿ2ಎಸ್ ಬಲ್ಬು 3200 ಲ್ಯೂಮೆನ್ ಕೊಡುತ್ತದೆ, ಎಚ್7ಗಿಂತ ದುಪ್ಪಟ್ಟು. ಹೊತ್ತಿಸಲು 20 ಸಾವಿರ ವೋಲ್ಟಿಗೂ ಮಿಕ್ಕಿದ ಹೊಡೆತ ಬೇಕು. ಅದನ್ನು ಕೊಡಲು ಬ್ಯಾಲಸ್ಟ್ ಅನ್ನುವ ಎಲೆಕ್ಟ್ರಾನಿಕ್ ಡಬ್ಬಿ ಇರುತ್ತದೆ. ಲೈಟ್ ಹಾಕಿಕೊಂಡು ಇದನ್ನು ಬಿಚ್ಚುವ ಸಾಹಸ ಬೇಡ.

ಗಾಡಿಯ ಜೊತೆ ಕಂಪನಿಯಿಂದಲೇ ಬಂದಿದ್ದರೆ ಅದೇ ನಂಬರಿನ ಬಲ್ಬ್ ಹಾಕಿ, ಎರಡನ್ನೂ ಒಟ್ಟಿಗೆ ಬದಲಿಸಿ. ಹಳೆಯದಾದಂತೆ ಬಣ್ಣ ಬದಲಾಗುವುದರಿಂದ ಒಂದನ್ನೇ ಬದಲಿಸಿದರೆ ಎರಡು ಕಣ್ಣು ಎರಡು ಬಣ್ಣ. ಡಿ2ಎಸ್ ಜಾಗಕ್ಕೆ ಡಿ4ಎಸ್ ಆಗುವುದಿಲ್ಲ, ಎರಡರ ವೋಲ್ಟೇಜೇ ಬೇರೆ. ಡಿ1, ಡಿ2 ಬಲ್ಬುಗಳಲ್ಲಿ ಸ್ವಲ್ಪ ಪಾದರಸ ಇರುತ್ತದೆ. ಒಡೆದರೆ ಕಿಟಕಿ ಬಾಗಿಲು ತೆಗೆದು ಗಾಳಿಯಾಡಲು ಬಿಡಿ, ಕೈಯಿಂದ ಮುಟ್ಟಬೇಡಿ.

ಹ್ಯಾಲೊಜೆನ್ ರಿಫ್ಲೆಕ್ಟರಿಗೆ ಎಚ್‌ಐಡಿ ಕಿಟ್ ಹಾಕಿಸುವ ಮಾತು ಬಂದರೆ, ಬೇಡ. ಯುರೋಪಿನ ನಿಯಮದಲ್ಲಿ 2000 ಲ್ಯೂಮೆನ್ ಮೀರಿದ ಡಿಪ್‌ಗೆ ತಾನಾಗಿ ಮಟ್ಟ ಹೊಂದಿಸುವ ಮೋಟಾರು, ಗಾಜು ತೊಳೆಯುವ ಪಂಪು ಕಡ್ಡಾಯ ಮಾಡಿದ್ದು ಸುಮ್ನೆ ಅಲ್ಲ. ಕಿಟ್ ಹಾಕುವವರು ಇವೆರಡನ್ನೂ ಹಾಕುವುದಿಲ್ಲ.

ಎಲ್‌ಇಡಿ: ಎರಡು ಬೇರೆ ಬೇರೆ ವಿಷಯ

ಕಂಪನಿಯೇ ಕೊಟ್ಟ ಎಲ್‌ಇಡಿ ಹೆಡ್‌ಲೈಟ್ ಒಂದು. 2007ರಲ್ಲಿ ಲೆಕ್ಸಸ್ ಎಲ್‌ಎಸ್ 600ಎಚ್ ಗಾಡಿಯ ಡಿಪ್‌ಗೆ ಬಂತು. ಈಗ ನಮ್ಮ ಮಧ್ಯಮ ಬೆಲೆಯ ಗಾಡಿಗಳಲ್ಲೂ ಇದೆ. ಚಿಪ್, ಕನ್ನಡಿ, ಲೆನ್ಸ್, ಶಾಖ ಹೊರಹಾಕುವ ಲೋಹ ಎಲ್ಲವನ್ನೂ ಒಟ್ಟಿಗೆ ಕೂರಿಸಿ ವಿನ್ಯಾಸ ಮಾಡಿರುತ್ತಾರೆ. ಬೆಳಕು ಅದ್ಭುತ. ಕೆಟ್ಟರೆ ಸಾಮಾನ್ಯವಾಗಿ ಇಡೀ ಯೂನಿಟ್ ಬದಲಿಸಬೇಕು, ಬಿಲ್ಲೂ ಅದ್ಭುತ.

ಇನ್ನೊಂದು, ಹ್ಯಾಲೊಜೆನ್ ಜಾಗಕ್ಕೆ ಕೂರಿಸುವ ಎಲ್‌ಇಡಿ ಬಲ್ಬ್. ಗೊಂದಲ ಎಲ್ಲ ಇದರದ್ದೇ. ಹ್ಯಾಲೊಜೆನ್ ತಂತಿ ಸುಮಾರು ಐದು ಮಿಲಿಮೀಟರ್ ಉದ್ದದ ಸುರುಳಿ, ಬೆಳಕು ಸುತ್ತಲೂ ಹೋಗುತ್ತದೆ. ಎಲ್‌ಇಡಿಯಲ್ಲಿ ಒಂದು ಪಟ್ಟಿಯ ಎರಡು ಮಗ್ಗುಲಿಗೆ ಚಿಪ್ ಅಂಟಿಸಿರುತ್ತಾರೆ, ಬೆಳಕು ಎರಡು ಕಡೆಗೆ ಮಾತ್ರ. ಆ ಪಟ್ಟಿ ದಪ್ಪವಿದ್ದಷ್ಟೂ ಚಿಪ್ ತಂತಿಯ ಜಾಗದಿಂದ ಆಚೆ ಹೋಗುತ್ತದೆ. ಕನ್ನಡಿಗೆ ತಾನು ನಿರೀಕ್ಷಿಸಿದ ಜಾಗದಿಂದ ಬೆಳಕು ಸಿಗುವುದಿಲ್ಲ. ಎಲ್ಲೆಲ್ಲಿಗೋ ಎಸೆಯುತ್ತದೆ. ಎಚ್4 ರಿಫ್ಲೆಕ್ಟರಿನಲ್ಲಿ ಇದು ಅತಿ ಕೆಟ್ಟದು, ಏಕೆಂದರೆ ಆ ಪುಟ್ಟ ದೋಣಿಯ ಕೆಲಸವನ್ನು ಅಗ್ಗದ ಎಲ್‌ಇಡಿ ಸರಿಯಾಗಿ ಮಾಡುವುದಿಲ್ಲ. ಓಡಿಸುವವನಿಗೆ ಬಾನೆಟ್ ಮುಂದೆ ಹತ್ತು ಮೀಟರ್ ಬೆಳ್ಳಂಬೆಳಗು. ಕಣ್ಣು ಆ ಬೆಳಕಿಗೆ ಹೊಂದಿಕೊಂಡುಬಿಡುತ್ತದೆ, ದೂರದ ಕತ್ತಲು ಇನ್ನಷ್ಟು ಕತ್ತಲಾಗುತ್ತದೆ. "ಲೈಟ್ ಭಾರೀ ಐತಿ" ಅನ್ನಿಸುತ್ತದೆ, ದೂರದ ಟ್ರ್ಯಾಕ್ಟರ್ ಮಾತ್ರ ಕಾಣುವುದಿಲ್ಲ.

ಪ್ರೊಜೆಕ್ಟರಿನಲ್ಲಿ ಪರಿಸ್ಥಿತಿ ವಾಸಿ. ಒಳಗಿನ ತಗಡಿನ ಅಡ್ಡಪಟ್ಟಿಯೇ ಬೆಳಕನ್ನು ಕತ್ತರಿಸುವುದರಿಂದ ಎದುರಿನವರ ಕಣ್ಣಿಗೆ ಅಷ್ಟು ಹೊಡೆಯುವುದಿಲ್ಲ. ಆದರೂ ದೂರ ತಲುಪುವ ಬೆಳಕು ಹೆಚ್ಚುತ್ತದೆ ಅನ್ನುವ ಖಾತ್ರಿ ಇಲ್ಲ.

ಕಾನೂನಿನ ಮಾತು. ಜರ್ಮನಿಯಲ್ಲಿ 2020ರಿಂದ ಕೆಲವು ಕಂಪನಿಗಳ ಇಂಥ ಎಲ್‌ಇಡಿ ಬಲ್ಬಿಗೆ ಒಪ್ಪಿಗೆ ಸಿಕ್ಕಿದೆ, ಅದೂ ಪಟ್ಟಿ ಮಾಡಿದ ಗಾಡಿ ಮಾದರಿಗಳಿಗೆ ಮಾತ್ರ. ನಮ್ಮಲ್ಲಿ ಅಂಥ ಪಟ್ಟಿ ಇಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗಾಡಿಯ ಮೂಲ ರೂಪ ಬದಲಿಸುವುದನ್ನು ತಡೆಯುತ್ತದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 106ನೇ ನಿಯಮ ಮುಂದಿನ ದೀಪ ಎದುರಿನವರ ಕಣ್ಣು ಕುಕ್ಕಬಾರದು ಅನ್ನುತ್ತದೆ. 2024ರ ಜುಲೈನಿಂದ ಕರ್ನಾಟಕ ಪೊಲೀಸರು ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳ ಮೇಲೆ ವಿಶೇಷವಾಗಿ ಕೇಸು ಹಾಕಲು ಶುರು ಮಾಡಿದ್ದಾರೆ.

ಡಬ್ಬಿ ಓದುವುದು ಹೇಗೆ

"20,000 ಲ್ಯೂಮೆನ್", "200 ವ್ಯಾಟ್" ಅಂತ ಬರೆದಿದ್ದರೆ ಡಬ್ಬಿಯನ್ನು ಮೆಲ್ಲಗೆ ಅಂಗಡಿಯವನ ಕೈಗೆ ವಾಪಸ್ ಕೊಡಿ. ಹೆಬ್ಬೆರಳ ಗಾತ್ರದ ಫ್ಯಾನಿಗೆ 200 ವ್ಯಾಟಿನ ಶಾಖ ತೆಗೆಯಲು ಆಗುವುದಿಲ್ಲ.

ಕೆಲ್ವಿನ್ ಅಂದರೆ ಬಣ್ಣ, ಬೆಳಕಿನ ಪ್ರಮಾಣ ಅಲ್ಲ. 3000 ಹಳದಿ, 4300 ಹಾಲು ಬಿಳುಪು, 6000 ನೀಲಿ ಬೆರೆತ ಬಿಳುಪು. ನನ್ನ ಆಯ್ಕೆ 3200ರಿಂದ 4300ರ ಒಳಗೆ. ಹಳದಿ ಬೆಳಕು ಮಂಜನ್ನು ಸೀಳಿಕೊಂಡು ಹೋಗುತ್ತದೆ ಅನ್ನುವುದು ಪೂರ್ತಿ ನಿಜವಲ್ಲ. ಮಂಜಿನ ಹನಿಗಳು ದೊಡ್ಡವು, ಎಲ್ಲ ಬಣ್ಣವನ್ನೂ ಹೆಚ್ಚುಕಡಿಮೆ ಒಂದೇ ಥರ ಚದುರಿಸುತ್ತವೆ. ಆದರೆ ವಾಪಸ್ ಬರುವ ಬೆಳಕಿನಲ್ಲಿ ನೀಲಿ ಜಾಸ್ತಿ ಇದ್ದರೆ ಕಣ್ಣಿಗೆ ಹಿಂಸೆ ಜಾಸ್ತಿ. ಧಾರವಾಡದ ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಹಳದಿ ಹಿತ ಅನ್ನಿಸುವುದು ಇದಕ್ಕೇ. ಮಳೆಯಲ್ಲಿ ಡಾಂಬರು ಕನ್ನಡಿಯಂತಾಗಿ ಬೆಳಕನ್ನು ಮುಂದಕ್ಕೇ ಎಸೆಯುತ್ತದೆ, ನಮ್ಮ ಕಡೆ ತಿರುಗಿ ಬರುವುದು ಕಡಿಮೆ. ಯಾವ ಬಲ್ಬ್ ಹಾಕಿದರೂ ಮಳೆಯಲ್ಲಿ ಲೈಟ್ ಕಡಿಮೆ ಅನ್ನಿಸಿಯೇ ಅನ್ನಿಸುತ್ತದೆ. ಅದಕ್ಕೆ ಉಪಾಯ ವೇಗ ಇಳಿಸುವುದು, ವೈಪರ್ ರಬ್ಬರ್ ಬದಲಿಸುವುದು.

ಬಲ್ಬಿನ ತಳದಲ್ಲಿ ವೃತ್ತದೊಳಗೆ ಇಂಗ್ಲಿಷಿನ ಇ ಅಕ್ಷರ, ಪಕ್ಕದಲ್ಲಿ ಒಂದು ಅಂಕಿ ಇದೆಯಾ ನೋಡಿ. ಯುರೋಪಿನ ನಿಯಮದಂತೆ ಪರೀಕ್ಷೆ ಪಾಸಾದ ಗುರುತು ಅದು. ಅಂಕಿ ಒಪ್ಪಿಗೆ ಕೊಟ್ಟ ದೇಶದ್ದು, 1 ಅಂದರೆ ಜರ್ಮನಿ. ನಕಲಿ ಬಲ್ಬುಗಳು ಬರುವುದರಿಂದ ಬಿಲ್ ಕೊಡುವ ಅಂಗಡಿಯಲ್ಲೇ ಕೊಳ್ಳಿ.

ಹಾಗಾದರೆ ಯಾವುದು ಹಾಕಿಸಲಿ?

ಎಚ್4 ರಿಫ್ಲೆಕ್ಟರಿನ ಹಳೆಯ ಗಾಡಿ: ಗಾಜು ಪಾಲಿಶ್, ರಿಲೇ ಕಿಟ್, ಒಳ್ಳೆಯ ಕಂಪನಿಯ 60/55 ಬಲ್ಬ್. ದುಡ್ಡು ಉಳಿದಿದ್ದರೆ ಬೆಳಕು ಹೆಚ್ಚಿಸಿದ ಹ್ಯಾಲೊಜೆನ್. ಎಲ್‌ಇಡಿ ಬೇಡ.

ಎಚ್7 ಅಥವಾ ಎಚ್11, ರಿಫ್ಲೆಕ್ಟರ್ ಇರಲಿ ಪ್ರೊಜೆಕ್ಟರ್ ಇರಲಿ: ಬೆಳಕು ಹೆಚ್ಚಿಸಿದ ಹ್ಯಾಲೊಜೆನ್. ಹೈ ಬೀಮಿನ ಬಲ್ಬ್ ಬೇರೆ ಇದ್ದರೆ ಅದನ್ನೂ ಬದಲಿಸಿ. ಹಾನಗಲ್, ಮುಂಡರಗಿಯ ಕಡೆ ಖಾಲಿ ರಸ್ತೆಯಲ್ಲಿ ನಿಜವಾಗಿ ಉಪಯೋಗಕ್ಕೆ ಬರುವುದು ಅದೇ.

ಕಂಪನಿಯ ಎಚ್‌ಐಡಿ ಅಥವಾ ಎಲ್‌ಇಡಿ ಇದ್ದವರು ಮೂಲ ಬಲ್ಬಿಗೇ ಅಂಟಿಕೊಳ್ಳಿ. ಕತ್ತಲಲ್ಲಿ ದಿನಾ ನೂರಾರು ಕಿಲೋಮೀಟರ್ ಓಡಿಸುವ ಟ್ಯಾಕ್ಸಿಯವರು "ಲಾಂಗ್ ಲೈಫ್" ಹ್ಯಾಲೊಜೆನ್ ಕೇಳಿ. ಬೆಳಕು ಸ್ವಲ್ಪ ಕಡಿಮೆ, ಬಾಳಿಕೆ ಜಾಸ್ತಿ.

ಬಲ್ಬ್ ಬದಲಿಸುವುದು: ಎಚ್4 ಉದಾಹರಣೆ

1. ಲೈಟ್ ಆರಿಸಿ, ಕೀ ತೆಗೆಯಿರಿ. ಈಗಷ್ಟೇ ಓಡಿಸಿದ್ದರೆ ಹತ್ತು-ಹದಿನೈದು ನಿಮಿಷ ಬಿಡಿ. ಬಲ್ಬ್ ಸುಡುತ್ತಿರುತ್ತದೆ.

2. ಬಾನೆಟ್ ಎತ್ತಿ, ಹೆಡ್‌ಲೈಟಿನ ಹಿಂದಿನ ಮೂರು ಪಿನ್ನಿನ ಕನೆಕ್ಟರನ್ನು ನೇರವಾಗಿ ಹಿಂದಕ್ಕೆ ಎಳೆಯಿರಿ. ವೈರು ಹಿಡಿದು ಎಳೆಯಬೇಡಿ. ಕೆಲವು ಗಾಡಿಗಳಲ್ಲಿ ಒಂದು ಕಡೆ ಬ್ಯಾಟರಿ ಅಡ್ಡ ಬರುತ್ತದೆ, ತೆಗೆದರೇ ಸುಲಭ.

3. ರಬ್ಬರ್ ಬೂಟ್ ಕಿವಿ ಹಿಡಿದು ಬಿಚ್ಚಿ. ಹರಿದಿದ್ದರೆ ಹೊಸದು ಹಾಕಿ. ಇಲ್ಲದಿದ್ದರೆ ಮಳೆ ನೀರು, ನಮ್ಮ ಎರೆಮಣ್ಣಿನ ದೂಳು ಎರಡೂ ಒಳಗೆ ಹೋಗಿ ಕನ್ನಡಿ ಹಾಳಾಗುತ್ತದೆ.

4. ತಂತಿಯ ಸ್ಪ್ರಿಂಗ್ ಕ್ಲಿಪ್ಪನ್ನು ಒತ್ತಿ ಪಕ್ಕಕ್ಕೆ ಸರಿಸಿ. ಎಂಜಿನ್ ಕೆಳಗೆ ಬೀಳದಂತೆ ನೋಡಿಕೊಳ್ಳಿ. ಬಲ್ಬನ್ನು ನೇರ ಹೊರಗೆಳೆಯಿರಿ.

5. ಹೊಸ ಬಲ್ಬಿನ ಗಾಜು ಮುಟ್ಟಬೇಡಿ, ಲೋಹದ ಭಾಗ ಹಿಡಿಯಿರಿ. ಕೈಯ ಜಿಡ್ಡು ಅಂಟಿದ ಜಾಗ ಹೆಚ್ಚು ಕಾದು ಗಾಜು ಬಿರಿಯಬಹುದು. ಮುಟ್ಟಿಬಿಟ್ಟರೆ ಸರ್ಜಿಕಲ್ ಸ್ಪಿರಿಟ್ಟಿನಿಂದ ಒರೆಸಿ, ಒಣಗಿದ ಮೇಲೆ ಹಾಕಿ.

6. ಎಚ್4 ಬಲ್ಬಿಗೆ ಮೂರು ಕಿವಿ. ಅಗಲದ್ದು ಮೇಲಕ್ಕೆ ಬರಬೇಕು. ಸರಿಯಾಗಿ ಕೂತಾಗ ಬಲ್ಬು ಅಲ್ಲಾಡುವುದಿಲ್ಲ. ಅಲ್ಲಾಡಿದರೆ ಕ್ಲಿಪ್ ಹಾಕಬೇಡಿ, ಮತ್ತೆ ಕೂರಿಸಿ. ಲೈಟ್ ಆಕಾಶ ನೋಡುವುದಕ್ಕೆ ಓರೆಯಾಗಿ ಕೂತ ಬಲ್ಬೂ ಒಂದು ಕಾರಣ.

7. ಕ್ಲಿಪ್, ಬೂಟ್, ಕನೆಕ್ಟರ್ ವಾಪಸ್. ಇನ್ನೊಂದು ಕಡೆಯದನ್ನೂ ಬದಲಿಸಿ.

ಫೋಕಸ್ ಹೊಂದಿಸುವುದು

ಎಲ್ಲಕ್ಕಿಂತ ಹೆಚ್ಚು ಲಾಭ ಕೊಡುವ, ಎಲ್ಲಕ್ಕಿಂತ ಕಡಿಮೆ ಮಂದಿ ಮಾಡುವ ಕೆಲಸ ಇದು. ಬೇಕಾದ್ದು ಸಮ ನೆಲ, ಒಂದು ಗೋಡೆ, ಟೇಪು, ಸ್ಕ್ರೂಡ್ರೈವರ್. ಅಂಗಡಿ ಮುಚ್ಚಿದ ಮೇಲೆ ಖಾಲಿ ಗೋದಾಮಿನ ಗೋಡೆಯಾದರೂ ಸೈ.

ಟೈರಿನ ಗಾಳಿ ಸರಿ ಮಾಡಿ. ಡ್ರೈವರ್ ಸೀಟಿನಲ್ಲಿ ಒಬ್ಬರು ಕೂರಲಿ. ಡ್ಯಾಶ್‌ಬೋರ್ಡಿನಲ್ಲಿ 0, 1, 2, 3 ಅಂತ ಇರುವ ಲೆವೆಲರ್ ಚಕ್ರವನ್ನು 0ಗೆ ಇಡಿ.

ಗಾಡಿಯನ್ನು ಗೋಡೆಗೆ ಹತ್ತಿರ ನೇರವಾಗಿ ನಿಲ್ಲಿಸಿ. ಹೆಡ್‌ಲೈಟ್ ಗಾಜಿನ ಮೇಲೆ ಸಣ್ಣ ಚುಕ್ಕಿ ಇರುತ್ತದೆ, ಅದು ಬಲ್ಬಿನ ಮಧ್ಯ. ಎರಡೂ ಚುಕ್ಕಿಗಳ ಎದುರಿಗೆ ಗೋಡೆ ಮೇಲೆ ಗುರುತು ಹಾಕಿ. ನೆಲದಿಂದ ಚುಕ್ಕಿಯ ಎತ್ತರಕ್ಕೆ ಒಂದು ಅಡ್ಡಗೆರೆ ಎಳೆಯಿರಿ. ಗಾಡಿಯನ್ನು ನೇರ ಹಿಂದಕ್ಕೆ ಐದು ಮೀಟರ್ ತೆಗೆದುಕೊಳ್ಳಿ. ಈಗ ಮೊದಲ ಗೆರೆಯ ಕೆಳಗೆ ಐದು ಸೆಂಟಿಮೀಟರಿಗೆ ಇನ್ನೊಂದು ಗೆರೆ. ಇದು ಶೇ 1ರ ಇಳಿಜಾರು, ಹತ್ತು ಮೀಟರಿಗೆ ಹತ್ತು ಸೆಂಟಿಮೀಟರ್. ಹೆಡ್‌ಲೈಟಿನ ಮೇಲೆ ಅಥವಾ ಬಾನೆಟ್ ಕೆಳಗಿನ ಸ್ಟಿಕ್ಕರಿನಲ್ಲಿ 1.2 ಅಥವಾ ಬೇರೆ ಶೇಕಡಾ ಬರೆದಿದ್ದರೆ ಅದೇ ಲೆಕ್ಕ ಹಿಡಿಯಿರಿ.

ಡಿಪ್ ಹಾಕಿ. ಒಂದು ಲೈಟಿಗೆ ರಟ್ಟು ಅಡ್ಡ ಹಿಡಿದು ಇನ್ನೊಂದನ್ನು ನೋಡಿ. ಬಲಭಾಗದಲ್ಲಿ ಬೆಳಕಿನ ಮೇಲಂಚು ಕೆಳಗಿನ ಗೆರೆಯ ಮೇಲೆ ಸಮವಾಗಿ ನಿಲ್ಲಬೇಕು. ಬಲ್ಬಿನ ಗುರುತಿನ ನೇರದಲ್ಲಿ ಮುರಿದು ಎಡಕ್ಕೆ ಮೇಲೇರಬೇಕು. ಹಿಂದೆ ಎರಡು ಸ್ಕ್ರೂ ಇರುತ್ತವೆ, ಒಂದು ಮೇಲೆ-ಕೆಳಗೆ, ಇನ್ನೊಂದು ಎಡ-ಬಲ. ಅರ್ಧರ್ಧ ಸುತ್ತು ತಿರುಗಿಸಿ ನೋಡುತ್ತಾ ಹೋಗಿ. ಬೆಳಕು ಬಲಕ್ಕೆ ಮೇಲೇರುತ್ತಿದ್ದರೆ ಆ ಲೈಟ್ ಬಲಕ್ಕೆ ಓಡಿಸುವ ದೇಶದ್ದು. ಅದನ್ನು ಸ್ಕ್ರೂನಿಂದ ಸರಿಪಡಿಸಲು ಆಗದು, ಯೂನಿಟ್ಟೇ ಬದಲಿಸಬೇಕು. ಅಂಚೇ ಕಾಣದೆ ಬೆಳಕು ಗೋಡೆ ತುಂಬ ಹರಡಿದ್ದರೆ ಬಲ್ಬ್ ತಪ್ಪು ಕೂತಿದೆ, ಅಥವಾ ಆ ಲೈಟಿಗೆ ಹೊಂದದ ಬಲ್ಬ್ ಹಾಕಿದ್ದೀರಿ.

ಲೆವೆಲರ್ ಚಕ್ರ ಇರುವುದು ಬಳಸುವುದಕ್ಕೆ. ಹಿಂದಿನ ಸೀಟಿನಲ್ಲಿ ಮೂವರು, ಡಿಕ್ಕಿಯಲ್ಲಿ ಊರಿಂದ ತಂದ ಜೋಳದ ಚೀಲ ಇದ್ದರೆ ಗಾಡಿಯ ಮೂತಿ ಎತ್ತುತ್ತದೆ. ಚಕ್ರವನ್ನು 2ಕ್ಕೋ 3ಕ್ಕೋ ತಿರುಗಿಸಿ. ಎದುರಿನವರು ಸುಮ್ಮಸುಮ್ಮನೆ ಡಿಪ್ಪರ್ ಹೊಡೆಯುತ್ತಿದ್ದಾರೆ ಅನ್ನಿಸಿದರೆ ಮೊದಲು ಈ ಚಕ್ರ ನೋಡಿ, ಆಮೇಲೆ ಅವರನ್ನು ಬೈಯಿರಿ.

ತೆಗೆದ ಹಳೆಯ ಬಲ್ಬುಗಳು ಇನ್ನೂ ಉರಿಯುತ್ತಿದ್ದರೆ ಎಸೆಯಬೇಡಿ. ಹೊಸದರ ಡಬ್ಬಿಯಲ್ಲೇ ಹಾಕಿ, ಒಂದು ಜೊತೆ ಫ್ಯೂಸ್ ಸೇರಿಸಿ, ಡ್ಯಾಶ್‌ಬೋರ್ಡಿನ ಖಾನೆಯಲ್ಲಿಡಿ. ಲಕ್ಷ್ಮೇಶ್ವರ ದಾಟಿದ ಮೇಲೆ ರಾತ್ರಿ ಹನ್ನೊಂದಕ್ಕೆ ಎಚ್7 ಬಲ್ಬ್ ಮಾರುವ ಅಂಗಡಿ ತೆರೆದಿರುವುದಿಲ್ಲ.